ಮೊದಲು ಚಾವಣಿ ಕೀಳಿ

“ಒಂದಿಂಚೂ ಹಿಂದೆ ಸರಿಯಲ್ಲ ಅಂದ್ನಂತೆ! ಲೀಡರ್ ಅಂದ್ರೆ ಹಂಗಿರ್ಬೇಕು,” ಅಂತ ಪುಟ್ಟ ಮೊಬೈಲಿಂದ ತಲೆ ಎತ್ತಿದ.

“ಯಾರಪ್ಪಾ ಆ ಮಹಾನುಭಾವ?” ಅಂದ ವೆಂಕಣ್ಣ.

“ಅಮೆರಿಕದ ಸೆನೆಟರ್.”

“ಹಿಂದೂ ಸರಿಯಲ್ಲ, ಮುಂದೂ ಹೋಗಲ್ಲ. ಅದಕ್ಕೆ ಕನ್ನಡದಲ್ಲಿ ಗೂಟ ಅಂತಾರೆ ಕಣೋ.”

ಮೇಷ್ಟ್ರು ಕನ್ನಡಕ ಏರಿಸಿದರು. “ಅಲ್ಲಿನ ಲೆಕ್ಕವೇ ಹಂಗಿದೆ ವೆಂಕಣ್ಣ. ಸೆನೆಟ್ ಅಂದ್ರೆ ಅವರ ಸಂಸತ್ತಿನ ಮೇಲ್ಮನೆ, ಅದರಲ್ಲಿ 100 ಜನ. ಮಸೂದೆ ಪಾಸಾಗೋಕೆ 51 ಸಾಕು. ಆದ್ರೆ ಚರ್ಚೆ ನಿಲ್ಲಿಸಿ ಮತಕ್ಕೆ ಹಾಕೋಕೆ 60 ಬೇಕು. 41 ಜನ ಮುನಿಸಿಕೊಂಡ್ರೆ ಮುಗೀತು. ಫಿಲಿಬಸ್ಟರ್ ಅನ್ನೋದು ಇದಕ್ಕೇ.”

“ಮನೇಲಿ ವಾಸ ಮಾಡೋಕೆ 51, ಬಾಗಿಲು ತೆಗೆಯೋಕೆ 60 ಅನ್ನಿ.”

“ಮೊದಲೆಲ್ಲ ತಡೆಯೋನು ನಿಂತು ಮಾತಾಡ್ತಾನೇ ಇರ್ಬೇಕಿತ್ತು. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆ ತಡೆಯೋಕೆ ಸೆನೆಟರ್ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಒದರಿದ.”

“ಆಮೇಲೆ?”

“ಮಸೂದೆ ಪಾಸಾಯ್ತು.”

“ಅವನ ಕಾಲಾದ್ರೂ ನೋಯ್ತಲ್ಲ, ಅಷ್ಟು ಸಾಕು.”

“ಈಗ ಅದೂ ಇಲ್ಲ. 1970ರ ದಶಕದಲ್ಲಿ, ಕಗ್ಗಂಟಾದ ಮಸೂದೆ ಪಕ್ಕಕ್ಕಿಟ್ಟು ಬೇರೆ ಕೆಲಸ ನಡೆಸೋಣ ಅಂತ ಏರ್ಪಾಡು ಮಾಡಿದ್ರು. ಸದನ ನಿಲ್ಲಬಾರದು ಅನ್ನೋ ಒಳ್ಳೇ ಉದ್ದೇಶವೇ. ಅದರಿಂದ, ತಡೆಯೋನು ಬಾಯಿ ತೆರೆಯೋದೂ ಬೇಡವಾಯ್ತು. ತಡೀತೀನಿ ಅಂತ ತಿಳಿಸಿದ್ರೆ ಸಾಕು.”

“ಕೆಲಸ ಕೆಡಿಸೋದಕ್ಕೂ ಸೋಮಾರಿತನವಾ!”

“ಖರ್ಚಿನ ಮಸೂದೆಗಳ ಗತಿಯೂ ಇದೇ. ವರ್ಷಕ್ಕೆ 12. ಅಕ್ಟೋಬರ್ 1ಕ್ಕೆ ಮುಂಚೆ ಮುಗೀಬೇಕು. ಎಲ್ಲವೂ ಗಡುವಿನೊಳಗೆ ಮುಗಿದದ್ದು ಕಡೇ ಸಲ 1996ರಲ್ಲಿ. ಆಗದಿದ್ರೆ ಹಳೇ ಮಟ್ಟದಲ್ಲೇ ಖರ್ಚು ಎಳೆಯೋ ತಾತ್ಕಾಲಿಕ ಮಸೂದೆ. ಅದಕ್ಕೂ 60 ಸಿಗ್ದಿದ್ರೆ ಕಚೇರಿಗಳಿಗೆ ಬೀಗ. 2025ರಲ್ಲಿ 43 ದಿನ ಬಿತ್ತು. ವಿಮಾನಗಳಿಗೆ ದಾರಿ ತೋರಿಸೋರು ಸಂಬಳ ಇಲ್ದೇ ದುಡಿದ್ರು.”

“ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಸರಿ, ಎತ್ತು ಕೋಣಗಳ ಸಂಬಳ?”

“ನಿಲ್ಲಲ್ಲ. ಸಂಸತ್ತಿನೋರ ಸಂಬಳಕ್ಕೆ ಕಾಯಂ ವ್ಯವಸ್ಥೆ ಇದೆ.”

“ಹಂಗಾದ್ರೆ ಚಾವಣಿ ಕೀಳ್ಬೇಕು. ಮೇಷ್ಟ್ರೇ, ಆ ವಿಟರ್ಬೊ ಕಥೆ ಹೇಳಿ ಇವನಿಗೆ.”

ಮೇಷ್ಟ್ರಿಗೆ ಅಷ್ಟೇ ಸಾಕಾಯ್ತು. “1268ರಲ್ಲಿ ಪೋಪ್ ನಾಲ್ಕನೇ ಕ್ಲೆಮೆಂಟ್ ತೀರಿಕೊಂಡ್ರು. ಹೊಸ ಪೋಪ್‌ನ ಆರಿಸೋಕೆ ಇಟಲಿಯ ವಿಟರ್ಬೊದಲ್ಲಿ ಕಾರ್ಡಿನಲ್‌ಗಳು, ಅಂದ್ರೆ ಚರ್ಚಿನ ಹಿರಿಯ ಪಾದ್ರಿಗಳು, ಸೇರಿದ್ರು. ಫ್ರಾನ್ಸಿನ ಕಡೆಯೋರು, ಇಟಲಿ ಕಡೆಯೋರು, ಯಾರೂ ಬಗ್ಗಲ್ಲ. ಊರೋರು ಕಾದು ಕಾದು ಬಾಗಿಲಿಗೆ ಬೀಗ ಹಾಕಿದ್ರು. ಬರೀ ರೊಟ್ಟಿ, ನೀರು ಕೊಟ್ರು. ಕಡೆಗೆ ಅರಮನೆ ಚಾವಣೀನೇ ಕಿತ್ರು. ಆಮೇಲೂ ಎಳೆದಾಡಿ, ಆರು ಜನರ ಸಮಿತಿಗೆ ಬಿಟ್ರು. ಅವರು ಕಾರ್ಡಿನಲ್ಲೇ ಅಲ್ಲದ, ಕ್ರುಸೇಡ್ ಅನ್ನೋ ಧರ್ಮಯುದ್ಧಕ್ಕೆ ಅಂತ ದೂರ ಹೋಗಿದ್ದ ಒಬ್ಬನನ್ನ 1271ರ ಸೆಪ್ಟೆಂಬರ್ 1ಕ್ಕೆ ಆರಿಸಿದ್ರು. ಅವನೇ ಹತ್ತನೇ ಗ್ರೆಗರಿ. 1274ರಲ್ಲಿ ನಿಯಮಾನೇ ಮಾಡಿದ: ಮೂರು ದಿನದಲ್ಲಿ ಆರಿಸದಿದ್ರೆ ಊಟಕ್ಕೆ ಒಂದೇ ಬಗೆ. ಇನ್ನೈದು ದಿನ ಕಳೆದ್ರೆ ರೊಟ್ಟಿ, ನೀರು, ವೈನ್ ಅಷ್ಟೇ.”

“ವೈನ್ ಯಾಕೆ?” ಪುಟ್ಟನ ಕಣ್ಣು ಅರಳಿತು.

“ತುಕ್ಕು ಹಿಡಿದ ಗಾಲಿ ತಿರುಗೋಕೆ ಎಣ್ಣೆ ಬೇಕಲ್ಲಪ್ಪ,” ಅಂದ ವೆಂಕಣ್ಣ. “ನೋಡು, ಅಲ್ಲಿ ಒಳಗೆ ಕೂತೋರ ತಲೆ ಮೇಲಿಂದ ಕಿತ್ರು. ಅಮೆರಿಕದೋರೂ ಚಾವಣಿ ಕೀಳ್ತಾರೆ, ಆದ್ರೆ ಹೊರಗೆ ಕಾಯ್ತಿರೋರದ್ದು.”

“ಬಗ್ಗಿದ್ರೆ ಅಭ್ಯರ್ಥಿ ಆರಿಸೋ ಪ್ರೈಮರಿ ಚುನಾವಣೇಲಿ ಅವರ ಪಕ್ಷದೋರೇ ಮನೆಗೆ ಕಳಿಸ್ತಾರೆ ವೆಂಕಣ್ಣ,” ಅಂದ ಪುಟ್ಟ.

“1983ರಲ್ಲಿ ಬಗ್ಗಿದ್ರಲ್ಲ,” ಮೇಷ್ಟ್ರ ದನಿ ಇಳಿಯಿತು. “ಪಿಂಚಣಿ ನಿಧಿ ಬರಿದಾಗೋದ್ರಲ್ಲಿತ್ತು. ಅಧ್ಯಕ್ಷ ರೇಗನ್ ರಿಪಬ್ಲಿಕನ್, ಕೆಳಮನೆಯ ಸ್ಪೀಕರ್ ಟಿಪ್ ಓನೀಲ್ ಡೆಮೊಕ್ರಾಟ್. ಎರಡೂ ಕಡೆಯೋರಿದ್ದ ಸಮಿತಿ ಮುಂದಿಟ್ಕೊಂಡು ಒಪ್ಪಂದ ಮಾಡಿದ್ರು. ರಿಪಬ್ಲಿಕನ್ನರು ತೆರಿಗೆ ಏರಿಕೆ ನುಂಗಿದ್ರು. ಡೆಮೊಕ್ರಾಟರು ಪಿಂಚಣಿಯ ತುಟ್ಟಿಭತ್ಯೆ ಆರು ತಿಂಗಳು ಮುಂದೆ ಹೋಗೋದನ್ನ ನುಂಗಿದ್ರು.”

“ಇಬ್ಬರೂ ಅವರವರ ಮನೇಲಿ ಬೈಸಿಕೊಂಡ್ರು ಅನ್ನಿ. ಈಗಿನೋರು ಎದುರು ಮನೆಯೋರ ಹತ್ರ ಬೈಸಿಕೊಳ್ಳೋಕೆ ಮಾತ್ರ ತಯಾರು. ಅದಕ್ಕೆ ಚಪ್ಪಾಳೆ ಬೀಳುತ್ತೆ ನೋಡಿ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಆ ರೊಟ್ಟಿ-ನೀರಿನ ನಿಯಮ 1276ರಲ್ಲೇ ರದ್ದಾಯ್ತು,” ಅಂದರು ಮೇಷ್ಟ್ರು.

“ರದ್ದು ಮಾಡಿದ್ದು ಯಾರು?”

“ಒಳಗೆ ಕೂತು ಅದೇ ರೊಟ್ಟಿ ತಿಂದು ಬಂದೋರು. 1292ರಲ್ಲಿ ಮತ್ತೆ ಎರಡು ವರ್ಷಕ್ಕೂ ಮೇಲೆ ಪೋಪ್ ಇಲ್ದೇ ಹೋಯ್ತು.”

ಪುಟ್ಟ ಮೊಬೈಲು ಜೇಬಿಗಿಟ್ಟ. “ಚಾವಣಿ ಕಿತ್ರೂ ಪ್ರಯೋಜನ ಏನು ವೆಂಕಣ್ಣ? ಮಳೆ ಬಂದ್ರೆ ಛತ್ರಿ ಹಿಡೀತಾರೆ.”

“ಹಿಡೀಲಿ ಬಿಡೋ. ನೂರು ಜನಕ್ಕೆ ಒಂದೇ ಛತ್ರಿ ಕೊಡೋಣ.”