ಶಾಲೆಗೆ ಸ್ಮಾರ್ಟ್ ಟಿವಿ ಬಂದಿದೆ, ಪಾಠ ಎಲ್ಲಿಂದ ಶುರು ಮಾಡಲಿ? – ಶಿಕ್ಷಕರ ಬಳಗದ ಪ್ರಶ್ನೋತ್ತರ

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ನಮಸ್ಕಾರ ಸರ್. ಹೋದ ವರ್ಷ ದಾನಿಗಳೊಬ್ಬರು ನಮ್ಮ ಶಾಲೆಗೆ ದೊಡ್ಡ ಸ್ಮಾರ್ಟ್ ಟಿವಿ ಕೊಟ್ಟರು. ಲ್ಯಾಪ್‌ಟಾಪ್ ಮೊದಲೇ ಇತ್ತು. ಸ್ಲೈಡ್ ಮಾಡುವುದು, ವಿಡಿಯೊ ಇಳಿಸಿಕೊಳ್ಳುವುದು ತರಬೇತಿಯಲ್ಲಿ ಕಲಿತಿದ್ದೇನೆ. ಹತ್ತನೇ ತರಗತಿಯ ವಿದ್ಯುತ್ ಪಾಠವನ್ನು ವಿಡಿಯೊ ಮೂಲಕ ತೋರಿಸಿದಾಗ ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಮರುದಿನ ಸರಣಿ ಜೋಡಣೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕರಿಹಲಗೆಯಲ್ಲಿ ಪಾಠ ಮಾಡಿದಾಗ ನಾಲ್ಕಾರು ಮಕ್ಕಳಾದರೂ ಉತ್ತರ ಹೇಳುತ್ತಿದ್ದರು. ಮಧ್ಯಾಹ್ನ ಕರೆಂಟ್ ಹೋಗುವುದು ಬೇರೆ. ಮಕ್ಕಳಲ್ಲಿ ಕೆಲವರ ಮನೆಮಾತು ಉರ್ದು, ತಾಂಡಾದಿಂದ ಬರುವವರದು ಲಂಬಾಣಿ. ಇಪ್ಪತ್ತು ವರ್ಷದ ಸೇವೆಯ ನಂತರ ಇದನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಮಕ್ಕಳಿಗೆ ಟ್ಯಾಬ್ ಕೊಡಿಸಿ ಎಂದು ದಾನಿಗಳನ್ನು ಕೇಳಬೇಕೆ?

ಉತ್ತರ (ಶಿಕ್ಷಕ ತರಬೇತುದಾರ, ಕಲಬುರಗಿ)

ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಟ್ಯಾಬ್ ಬೇಡ. ಒಂದು ಟಿವಿ, ಒಂದು ಲ್ಯಾಪ್‌ಟಾಪ್, ನಿಮ್ಮ ಮೊಬೈಲ್ ಇಷ್ಟರಲ್ಲಿ ಆಗುವ ಕೆಲಸವೇ ಬೆಟ್ಟದಷ್ಟಿದೆ. ದಾನಿಗಳು ಮತ್ತೆ ಏನಾದರೂ ಕೊಡುತ್ತೇವೆಂದರೆ ಒಳ್ಳೆಯ ಯುಪಿಎಸ್ ಮತ್ತು ಎರಡು ಪೆನ್‌ಡ್ರೈವ್ ಕೇಳಿ.

ಈಗ ಮಕ್ಕಳ ಮೌನದ ವಿಷಯ. ವಿಡಿಯೊ ಓಡುತ್ತಿದ್ದಾಗ ಅವರು ಯೋಚಿಸಬೇಕಾದ ಪ್ರಸಂಗವೇ ಬರಲಿಲ್ಲ. ಪ್ರಶ್ನೆಯನ್ನೂ ವಿಡಿಯೊವೇ ಕೇಳಿತು, ಉತ್ತರವನ್ನೂ ಅದೇ ಹೇಳಿತು. ಕರಿಹಲಗೆಯ ಮುಂದೆ ನೀವು ನಡುನಡುವೆ ನಿಲ್ಲುತ್ತೀರಿ, ಮುಖ ನೋಡುತ್ತೀರಿ, ಹಿಂದಿನ ಬೆಂಚಿನವನನ್ನು ಹೆಸರು ಹಿಡಿದು ಎಬ್ಬಿಸುತ್ತೀರಿ. ಆ ನಿಲುಗಡೆಯನ್ನು ಟಿವಿ ಪಾಠಕ್ಕೂ ತನ್ನಿ.

ಪಾಠ ಯೋಜನೆಗೆ ಕೂತಾಗ ಯಾವ ವಿಡಿಯೊ ಸಿಗುತ್ತದೆ ಎಂದು ಹುಡುಕಲು ಹೋಗಬೇಡಿ. ಈ ಪಾಠದಲ್ಲಿ ಮಕ್ಕಳು ಪ್ರತಿ ವರ್ಷ ಎಡವುವ ಜಾಗ ಯಾವುದು ಎಂದು ಮೊದಲು ಬರೆದುಕೊಳ್ಳಿ. ಇಪ್ಪತ್ತು ವರ್ಷ ಪಾಠ ಮಾಡಿದ ನಿಮಗೆ ಅದು ಬೆರಳ ತುದಿಯಲ್ಲಿರುತ್ತದೆ. ನಿನ್ನೆ ಕೆಲಸಕ್ಕೆ ಸೇರಿ ಮೊಬೈಲ್‌ನಲ್ಲಿ ಪಳಗಿದ ಕೈಯಿರುವ ಶಿಕ್ಷಕರಿಗೆ ಅದು ಇರುವುದಿಲ್ಲ. ಆ ಜಾಗವನ್ನು ಸೀಮೆಸುಣ್ಣದಿಂದ ದಾಟಿಸಲು ಸಾಧ್ಯವಾದರೆ ಸೀಮೆಸುಣ್ಣವೇ ಸಾಕು. ಸಾಧ್ಯವಿಲ್ಲದಿದ್ದಾಗ ಟಿವಿ ಹಚ್ಚಿ.

ನೀವು ಹೇಳಿದ ಸರಣಿ ಜೋಡಣೆಯನ್ನೇ ನೋಡೋಣ. ಒಂದು ಶೆಲ್, ಅದಕ್ಕೆ ಸಾಲಾಗಿ ಒಂದೇ ಬಗೆಯ ಎರಡು ಬಲ್ಬ್. ಯಾವುದು ಹೆಚ್ಚು ಬೆಳಗುತ್ತದೆ? ಬಹಳಷ್ಟು ಮಕ್ಕಳು ಮೊದಲನೆಯದು ಎನ್ನುತ್ತಾರೆ, ಏಕೆಂದರೆ ಮೊದಲ ಬಲ್ಬ್ ಸ್ವಲ್ಪ ಕರೆಂಟನ್ನು ತಿಂದುಬಿಡುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ನಿಜವಾದ ಬಲ್ಬ್ ಜೋಡಿಸಿ ತೋರಿಸಿದರೆ ಎರಡೂ ಸಮನಾಗಿ ಬೆಳಗುವುದನ್ನು ನೋಡುತ್ತಾರೆ, ಆದರೆ ತಂತಿಯೊಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಇಲ್ಲಿ ಫೆಟ್ ಸಿಮ್ಯುಲೇಶನ್ ಬೇಕು, ಅಂದರೆ ಪರದೆಯ ಮೇಲೆ ನಾವೇ ಜೋಡಿಸಿ ನೋಡಬಹುದಾದ ಪ್ರಯೋಗದ ಮಾದರಿ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಫೆಟ್, ಪೂರ್ತಿ ಉಚಿತ. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಮನೆಯಲ್ಲಿ ಫೈಲ್ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದರೆ ಶಾಲೆಯ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಇಂಟರ್ನೆಟ್ ಇಲ್ಲದೆ ತೆರೆದುಕೊಳ್ಳುತ್ತದೆ. ಸರ್ಕಿಟ್ ಕಟ್ಟುವ ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನ್‌ಗಳು ಚುಕ್ಕೆಗಳಾಗಿ ಸಾಗುವುದು ಕಾಣುತ್ತದೆ, ಬಲ್ಬಿನ ಹಿಂದೆಯೂ ಮುಂದೆಯೂ ಒಂದೇ ವೇಗ.

ಆದರೆ ಅದನ್ನು ತಕ್ಷಣ ತೋರಿಸಬೇಡಿ. ಟಿವಿ ಆರಿಸಿಯೇ ಇಟ್ಟು ಚಿತ್ರವನ್ನು ಹಲಗೆಯಲ್ಲಿ ಬರೆಯಿರಿ. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಕೈ ಎತ್ತಿಸಿ ಯಾವ ಉತ್ತರಕ್ಕೆ ಎಷ್ಟು ಮಂದಿ ಎಂದು ಹಲಗೆಯ ಮೂಲೆಯಲ್ಲಿ ದಾಖಲಿಸಿ. ಆಮೇಲೆ ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲು ಬಿಡಿ. ಮನೆಮಾತಿನಲ್ಲೇ ಮಾಡಲಿ, ಉರ್ದುವಿನಲ್ಲಾಗಲಿ, ಲಂಬಾಣಿಯಲ್ಲಾಗಲಿ ತಡೆಯಬೇಡಿ, ಅಲ್ಲಿ ಯೋಚನೆ ಸಲೀಸಾಗಿ ಹರಿಯುತ್ತದೆ. ಮತ್ತೊಮ್ಮೆ ಕೈ ಎತ್ತಿಸಿ. ಇಷ್ಟಾದ ಮೇಲೆ ಟಿವಿ ಹಚ್ಚಿ, ಮೂರ್ನಾಲ್ಕು ನಿಮಿಷ ಸಾಕು. ತಾನು ಬರೆದದ್ದು ಸರಿಯೋ ತಪ್ಪೋ ಎಂಬ ಕಾತರದಿಂದ ನೋಡುವ ಮಗು ಮರುದಿನ ಮರೆಯುವುದಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ದೊಡ್ಡ ತರಗತಿಗಳಲ್ಲಿ ಬಳಸಿ ಪ್ರಚಾರಕ್ಕೆ ತಂದದ್ದು ಹೆಚ್ಚುಕಡಿಮೆ ಇದೇ ಕ್ರಮ.

ಕೊನೆಯಲ್ಲಿ ಒಂದು ಮಾತು ಹೇಳಲೇಬೇಕು: ಪರದೆಯ ಚುಕ್ಕೆಗಳು ಬರೀ ಮಾದರಿ, ನಿಜದಲ್ಲಿ ಎಲೆಕ್ಟ್ರಾನ್‌ಗಳು ಹಾಗೆ ಎಣಿಸುವಂತೆ ಕಾಣುವುದಿಲ್ಲ. ಸಾಧ್ಯವಾದರೆ ಅದೇ ಅವಧಿಯಲ್ಲಿ ನಿಜವಾದ ಶೆಲ್, ಬಲ್ಬ್ ಮಕ್ಕಳ ಕೈಗೆ ಕೊಡಿ. ಸಿಮ್ಯುಲೇಶನ್ ಇದೆಯೆಂದು ಪ್ರಯೋಗದ ಪೆಟ್ಟಿಗೆಗೆ ಬೀಗ ಹಾಕುವ ಶಾಲೆಗಳನ್ನು ಕಂಡರೆ ನನಗೆ ನೋವಾಗುತ್ತದೆ.

ಮರುಪ್ರಶ್ನೆ (ಅದೇ ಶಿಕ್ಷಕಿ)

ತುಂಬಾ ಧನ್ಯವಾದ ಸರ್. ಆದರೆ ಟಿವಿಯನ್ನು ವಾರಕ್ಕೆ ಎಷ್ಟು ಅವಧಿ ಬಳಸಿದಿರಿ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ನಾಲ್ಕು ನಿಮಿಷ ಎಂದು ಬರೆದರೆ ಕಡಿಮೆಯಾಯಿತು ಎನ್ನುತ್ತಾರೆ.

ಉತ್ತರ

ಅದನ್ನು ಟಿವಿ ಬಳಸಿದ ಒಂದು ಪೀರಿಯಡ್ ಎಂದೇ ಬರೆಯಿರಿ, ಅದು ಸತ್ಯವೇ. ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು ಮೊದಲ ಸಲ ಕೈ ಎತ್ತಿದಾಗ ಸರಿ ಉತ್ತರ ಎಷ್ಟು, ಎರಡನೆಯ ಸಲ ಎಷ್ಟು, ಮರುದಿನ ಎಷ್ಟು ಎಂದು ತುಂಬಿಸಿ. ತಪಾಸಣೆಗೆ ಬಂದವರಿಗೆ ಆ ಪುಟ ತೋರಿಸಿ. ಟಿವಿ ಎಷ್ಟು ಹೊತ್ತು ಉರಿಯಿತು ಎಂಬುದರಿಂದ ಕಲಿಕೆಯನ್ನು ಅಳೆಯಲು ಬರುವುದಿಲ್ಲ, ಇದನ್ನು ನಾವು ಶಿಕ್ಷಕರೇ ಗಟ್ಟಿಯಾಗಿ ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಎಂಬ ಇಬ್ಬರು ಶಿಕ್ಷಣ ಸಂಶೋಧಕರು ಮಂಡಿಸಿದ ಚೌಕಟ್ಟು ಇಂದಿಗೂ ಶಿಕ್ಷಕ ತರಬೇತಿಯಲ್ಲಿ ಬಳಕೆಯಲ್ಲಿದೆ. ವಿಷಯದ ಜ್ಞಾನ, ಬೋಧನೆಯ ಜ್ಞಾನ, ತಂತ್ರಜ್ಞಾನದ ಜ್ಞಾನ ಮೂರೂ ಕೂಡುವ ಕಡೆ ಶಿಕ್ಷಕರ ನಿಜವಾದ ಕೌಶಲ ಇರುತ್ತದೆ ಎಂಬುದು ಅದರ ತಿರುಳು. ನಿಮ್ಮಲ್ಲಿ ಮೊದಲ ಎರಡು ಆಗಲೇ ಇವೆ.

ಕರೆಂಟಿನ ವಿಷಯ ಮರೆತಿಲ್ಲ. ಟಿವಿ ಬೇಕಾದ ಪಾಠಗಳನ್ನು ಬೆಳಗಿನ ಅವಧಿಗೆ ಬದಲಾಯಿಸಿಕೊಡಲು ಮುಖ್ಯ ಶಿಕ್ಷಕರನ್ನು ಕೇಳಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ ದೀಕ್ಷಾ ಆ್ಯಪ್‌ನ ಪಾಠಗಳನ್ನೂ ಮೊದಲೇ ಮೊಬೈಲ್‌ಗೆ ಇಳಿಸಿಕೊಳ್ಳಬಹುದು.

ಪ್ರಶ್ನೆ (ಪ್ರಾಥಮಿಕ ಶಾಲಾ ಶಿಕ್ಷಕ, ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ)

ಸರ್, ನಮ್ಮಲ್ಲಿ ಟಿವಿ ಇಲ್ಲ, ನನ್ನ ಮೊಬೈಲ್ ಒಂದೇ. ನಲಿ-ಕಲಿ ತರಗತಿ (ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುವುದು), ಮಕ್ಕಳ ಮನೆಮಾತು ಹೆಚ್ಚಾಗಿ ಮರಾಠಿ. ಕನ್ನಡ ಓದುವುದು ನಿಧಾನ. ಇದರಲ್ಲಿ ಏನಾದರೂ ಮಾಡಬಹುದೆ?

ಉತ್ತರ

ಸಣ್ಣ ಪರದೆಯನ್ನು ಇಡೀ ತರಗತಿಗೆ ತೋರಿಸಲು ಹೋಗಬೇಡಿ ಸರ್, ಮುಂದಿನ ನಾಲ್ಕು ಮಕ್ಕಳು ನೋಡುತ್ತಾರೆ, ಉಳಿದವರು ಜಗಳ ಮಾಡುತ್ತಾರೆ. ಮೊಬೈಲನ್ನು ಕಿವಿಯ ಸಾಧನವಾಗಿ ಬಳಸಿ. ಮಗು ಒಂದು ಪುಟ ಓದುವುದನ್ನು ರೆಕಾರ್ಡ್ ಮಾಡಿ ಅದಕ್ಕೇ ಕೇಳಿಸಿ. ತಾನು ಎಲ್ಲಿ ತಡವರಿಸಿದೆ ಎಂದು ಮಗುವೇ ಗುರುತಿಸಿ ಮತ್ತೆ ಓದಲು ಕೇಳುತ್ತದೆ. ತಿಂಗಳು ಬಿಟ್ಟು ಅದೇ ಪುಟವನ್ನು ಓದಿಸಿ, ಎರಡೂ ರೆಕಾರ್ಡಿಂಗ್ ಒಟ್ಟಿಗೆ ಕೇಳಿಸಿ. ತಾಯಿ ಶಾಲೆಗೆ ಬಂದಾಗ ಅವರಿಗೂ ಕೇಳಿಸಿ. ಅಕ್ಷರ ಬಾರದ ತಾಯಿಗೆ ಅಂಕಪಟ್ಟಿ ಹೇಳದೆ ಉಳಿದದ್ದನ್ನು ಆ ಧ್ವನಿ ಹೇಳುತ್ತದೆ.

ಇನ್ನೊಂದು ಕೆಲಸ. ಒದ್ದೆ ಹತ್ತಿಯ ಮೇಲೆ ನಾಲ್ಕು ತೊಗರಿ ಕಾಳು ಇಟ್ಟು, ದಿನವೂ ಒಂದೇ ಜಾಗದಿಂದ ಒಂದು ಫೋಟೊ ತೆಗೆಯಿರಿ. ಮೊಳಕೆ ಬಂದ ಮೇಲೆ ಫೋಟೊಗಳನ್ನು ಸಾಲಾಗಿ ಸರಿಸುತ್ತಾ ಹೋದರೆ ಬೇರು ಮೊದಲೋ ಚಿಗುರು ಮೊದಲೋ ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಹೇಳುತ್ತಾರೆ.

ಮಕ್ಕಳ ಮುಖ, ಧ್ವನಿ ಇರುವುದನ್ನು ಸ್ಟೇಟಸ್‌ಗೆ ಹಾಕಬೇಡಿ, ಗುಂಪುಗಳಿಗೆ ಕಳಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳೇ, ಅವರ ದತ್ತಾಂಶದ ವಿಷಯದಲ್ಲಿ ಪೋಷಕರ ಒಪ್ಪಿಗೆಗೆ ಮಹತ್ವವಿದೆ. ಕಾಯ್ದೆ ಇರಲಿ ಬಿಡಲಿ, ತಡವರಿಸಿ ಓದುವ ಮಗುವಿನ ಮಾನ ನಮ್ಮ ಕೈಯಲ್ಲಿದೆ.

ಪ್ರಶ್ನೆ (ಸಮಾಜ ವಿಜ್ಞಾನ ಶಿಕ್ಷಕಿ, ಕಲಬುರಗಿ ನಗರ)

ಚರ್ಚೆ ಪೂರ್ತಿ ವಿಜ್ಞಾನಕ್ಕೇ ಹೋಯಿತು ಸರ್. ಇತಿಹಾಸಕ್ಕೆ ವಿಡಿಯೊ ಬಿಟ್ಟರೆ ಬೇರೆ ದಾರಿ ಇದೆಯೇ?

ಉತ್ತರ

ಇದೆ ಮೇಡಂ, ನಮ್ಮ ಜಿಲ್ಲೆಯಲ್ಲೇ ಇದೆ. ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಗುಡಿಯೊಂದರ ಛಾವಣಿ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ಅಶೋಕನ ಉಬ್ಬುಶಿಲ್ಪವೇ ಸಿಕ್ಕಿತು, ಅದರ ಮೇಲೆ ಪ್ರಾಚೀನ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರಿದೆ. ಆ ಬರಹದ ಒಂದು ಸ್ಪಷ್ಟ ಫೋಟೊ ಸಾಕು, ವಿಡಿಯೊ ಬೇಡ.

ಫೋಟೊವನ್ನು ಟಿವಿಯಲ್ಲಿ ಹಿಗ್ಗಿಸಿ. ಮಕ್ಕಳ ಕೈಗೆ ಬ್ರಾಹ್ಮಿ ಅಕ್ಷರಮಾಲೆಯ ಒಂದು ಹಾಳೆ ಕೊಡಿ. ಇದು ಯಾರ ಶಿಲ್ಪ ಎಂದು ನೀವು ಬಾಯಿ ಬಿಡಬೇಡಿ. ಬರಹದಲ್ಲಿ ಇರುವುದು ಐದೇ ಅಕ್ಷರ: ರಾ, ಯೋ, ಅ, ಸೋ, ಕೋ. ಅವುಗಳಲ್ಲಿ ಮೂರಕ್ಕೆ ಒಂದೇ ‘ಓ’ ಸ್ವರದ ಗುರುತು ಸೇರಿರುವುದನ್ನು ಯಾವುದಾದರೂ ಚುರುಕಿನ ಮಗು ಕಂಡುಹಿಡಿಯುತ್ತದೆ, ಅಲ್ಲಿಂದ ಗಂಟು ಬಿಚ್ಚುತ್ತದೆ. ‘ರಾಯೋ ಅಸೋಕೋ’ (ರಾಜ ಅಶೋಕ) ಎಂದು ತರಗತಿ ಒಟ್ಟಾಗಿ ಓದಿದ ಮೇಲೆ ಗೂಗಲ್ ಅರ್ಥ್ ತೆರೆದು ಸನ್ನತಿ ಎಲ್ಲಿದೆ, ಭೀಮಾ ನದಿ ಅಲ್ಲಿ ಹೇಗೆ ಹರಿಯುತ್ತದೆ, ಇಲ್ಲೇ ಏಕೆ ಸ್ತೂಪ ಕಟ್ಟಿದರು ಎಂದು ಕೇಳಿ. ಎರಡು ಸಾವಿರ ವರ್ಷದ ಹಿಂದಿನ ಹೆಸರನ್ನು ತಾವೇ ಓದಿದ ಮಕ್ಕಳಿಗೆ ಇತಿಹಾಸ ಎಂದರೆ ಇಸವಿ ಬಾಯಿಪಾಠ ಎಂದು ಯಾರೂ ನಂಬಿಸಲಾರರು.

ಮರುಪ್ರಶ್ನೆ (ಶಹಾಪುರ ತಾಲ್ಲೂಕಿನ ಶಿಕ್ಷಕಿ)

ಸರ್, ಒಂಬತ್ತನೇ ತರಗತಿಯ ಶಬ್ದದ ಪಾಠವನ್ನು ಮತ್ತೊಮ್ಮೆ ಪುನರಾವರ್ತನೆ ಮಾಡಬೇಕು. ಕರೆಂಟ್ ಇಲ್ಲದ ಮಧ್ಯಾಹ್ನಕ್ಕೆ ಏನಾದರೂ ಹೇಳಿ.

ಉತ್ತರ

ಫೈಫಾಕ್ಸ್ ಎಂಬ ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಅದರಲ್ಲಿ ಶಬ್ದದಿಂದ ಓಡುವ, ಶಬ್ದದಿಂದ ನಿಲ್ಲುವ ಗಡಿಯಾರವಿದೆ. ನಿಮ್ಮದು ಮತ್ತು ಸಹೋದ್ಯೋಗಿಯದು, ಎರಡು ಮೊಬೈಲ್ ಸಾಕು.

ಗಾಳಿ ಕಡಿಮೆ ಇರುವ ಹೊತ್ತು ಮೈದಾನದಲ್ಲಿ ಟೇಪಿನಿಂದ ಹತ್ತು ಮೀಟರ್ ಅಳೆದು ಎರಡು ತುದಿಗೂ ಒಂದೊಂದು ಮೊಬೈಲ್ ಇಡಿ. ಅಕ್ಕಪಕ್ಕದ ಗದ್ದಲಕ್ಕೆ ಗಡಿಯಾರ ಓಡದಂತೆ ಶಬ್ದದ ಮಿತಿಯನ್ನು ಏರಿಸಿಕೊಳ್ಳಿ. ಮೊದಲ ಮೊಬೈಲ್ ಬಳಿ ನಿಂತ ಮಗು ಬಿಸಿಯೂಟದ ಸ್ಟೀಲ್ ತಟ್ಟೆಗೆ ಒಮ್ಮೆ ಬಡಿಯಲಿ, ಎರಡೂ ಗಡಿಯಾರ ಓಡುತ್ತವೆ. ಕೊಂಚ ಹೊತ್ತಿನ ಮೇಲೆ ಎರಡನೆಯ ಮೊಬೈಲ್ ಬಳಿಯ ಮಗು ಬಡಿಯಲಿ, ಎರಡೂ ನಿಲ್ಲುತ್ತವೆ. ಎರಡು ಗಡಿಯಾರಗಳ ಕಾಲದಲ್ಲಿ ಒಂದಿಷ್ಟು ವ್ಯತ್ಯಾಸ ಇರುತ್ತದೆ, ಅದು ಶಬ್ದ ಹತ್ತು ಮೀಟರನ್ನು ಎರಡು ಸಲ ದಾಟಲು ಹಿಡಿದ ಕಾಲ. ಇಪ್ಪತ್ತು ಮೀಟರನ್ನು ಆ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಬಂತು. ಹಲವು ಸಲ ಮಾಡಿ ಸರಾಸರಿ ತೆಗೆಯಿರಿ, ಏಕೆಂದರೆ ನಾವು ಅಳೆಯುವುದು ಸೆಕೆಂಡಿನ ನೂರರಲ್ಲಿ ಆರು ಭಾಗಕ್ಕಿಂತ ಕಡಿಮೆ ಕಾಲವನ್ನು.

ಪುಸ್ತಕದಲ್ಲಿ ಗಾಳಿಯಲ್ಲಿ ಶಬ್ದದ ವೇಗ 22 ಡಿಗ್ರಿಗೆ ಸೆಕೆಂಡಿಗೆ 344 ಮೀಟರ್ ಎಂದಿದೆ. ನಮ್ಮ ಕಡೆ ಮಾರ್ಚ್ ಮಧ್ಯಾಹ್ನ 38 ಡಿಗ್ರಿ ಇದ್ದರೆ 354ರ ಆಸುಪಾಸು ಬರಬೇಕು, ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಮಕ್ಕಳು 344 ಬರಲಿಲ್ಲವೆಂದು ಅಂಕಿ ತಿದ್ದಲು ಹೊರಟರೆ ತಡೆಯಿರಿ. ಥರ್ಮಾಮೀಟರ್ ಅನ್ನು ನೆರಳಿನಲ್ಲಿ ಇಟ್ಟು ಓದಿಸಿ, ಪುಸ್ತಕದ ಅಂಕಿಗೂ ತಮ್ಮ ಅಂಕಿಗೂ ಏಕೆ ಅಂತರ ಬಂತು ಎಂದು ಅವರೇ ಬರೆಯಲಿ. ಡಿಸೆಂಬರ್‌ನ ಬೆಳಗಿನ ಚಳಿಯಲ್ಲಿ ಇದನ್ನೇ ಇನ್ನೊಮ್ಮೆ ಮಾಡಿಸಿ, ಎರಡೂ ಅಂಕಿಗಳನ್ನು ಈ ಬಳಗಕ್ಕೆ ಕಳಿಸಿ. ಔರಾದ್ ಮತ್ತು ಕಲಬುರಗಿಯವರೂ ಮಾಡಿ ಕಳಿಸಿದರೆ ಮೂರು ಜಿಲ್ಲೆಯ ಅಂಕಿಗಳನ್ನು ಒಂದೇ ಗ್ರಾಫ್‌ನಲ್ಲಿ ಎಳೆಯುವ ಕೆಲಸವನ್ನು ನಾನು ಮಾಡುತ್ತೇನೆ.