ಹಳೇ ಸ್ಯಾನ್ ಸ್ಟಾರ್ಮ್ ಕಾರಿಗೆ ಟರ್ಬೋ ಹಾಕಿಸಬಹುದಾ?

ಕೋಡಿಬಾಗದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ನನ್ನ ಹತ್ರ ಒಂದು ಸ್ಯಾನ್ ಸ್ಟಾರ್ಮ್ ಇದೆ. ನೋಡದವರಿಗೆ ಹೇಳುತ್ತೇನೆ, ಇಲ್ಲೇ ಪಕ್ಕದ ಗೋವಾದಲ್ಲಿ ತಯಾರಾಗುತ್ತಿದ್ದ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಫೈಬರ್ ಬಾಡಿ, ಒಳಗೆ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಪವರ್ ಸುಮಾರು 60 ಎಚ್‌ಪಿ. ಬಾಡಿ ಫೈಬರ್ ಆದ್ದರಿಂದ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದಿಲ್ಲ, ಕೆಳಗಿನ ಚಾಸಿಗೆ ಮಾತ್ರ ಎರಡು ಸಲ ವೆಲ್ಡಿಂಗ್ ಮಾಡಿಸಿದ್ದೇನೆ. ಅಪ್ಪ ಹಳೇ ಗಾಡಿ ಅಂತ ತಂದಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ.

ಮಾಜಾಳಿಯಿಂದ ಅಂಕೋಲಾವರೆಗೆ ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಘಟ್ಟದಲ್ಲಿ ಮಾತ್ರ ಬೇಜಾರಾಗುತ್ತದೆ. ಹೋದ ತಿಂಗಳು ಹುಬ್ಬಳ್ಳಿಗೆ ಹೋಗುವಾಗ ಅರಬೈಲ್ ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡೆ, ಓವರ್‌ಟೇಕ್ ಮಾಡೋಣ ಅಂತ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೂ ಗಾಡಿ ಏಳಲೇ ಇಲ್ಲ, ಅಷ್ಟರಲ್ಲಿ ಎದುರಿಂದ ಬಸ್ಸು ಬಂತು, ಮತ್ತೆ ಲಾರಿ ಹಿಂದೆಯೇ ಸೇರಿಕೊಂಡೆ. ಕೈ ನಡುಗಿತ್ತು.

ಗುಜರಿಯಲ್ಲಿ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನ ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಪಂಪ್) ಒಂದು ಸಿಕ್ಕಿದೆ. ಕೆಪಿ35 ಅಂತ ಬರೆದಿದೆ. ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ. ಇದನ್ನು ಕೂರಿಸಿ 100 ಎಚ್‌ಪಿ ಮಾಡಬಹುದಾ? ಎಂಜಿನ್ ತಡೆಯುತ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿರಸಿ ಗ್ಯಾರೇಜ್

ತಮ್ಮಾ, ಟರ್ಬೋ ಕೂರಿಸುವುದು ಕಷ್ಟ ಅಲ್ಲ. ಲೇತ್ ಇದ್ದವರು ಎರಡು ದಿನದಲ್ಲಿ ಫ್ಲ್ಯಾಂಜ್ ಮಾಡಿ ಕೊಡುತ್ತಾರೆ. ಅದು ತುಂಬುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡುವುದು, ಅದರಿಂದ ಬರುವ ಬಿಸಿಯನ್ನು ಹೊರಗೆ ಹಾಕುವುದು, ಇದರಲ್ಲೇ ಕಷ್ಟ ಇರುವುದು.

ನನ್ನ ಸ್ವಂತ ಕಥೆ ಹೇಳುತ್ತೇನೆ. ನನ್ನ ಹಳೇ 1300 ಸಿಸಿ ಕಾರಿಗೆ ನಾನೇ ಟರ್ಬೋ ಹಾಕಿದ್ದೆ. ಬೂಸ್ಟ್, ಅಂದರೆ ಟರ್ಬೋ ಕೊಡುವ ಹೆಚ್ಚುವರಿ ಗಾಳಿ ಒತ್ತಡ, 0.6 ಬಾರ್. ಒತ್ತಿದ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಇಲ್ಲ, ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಹಳೆಯವೇ. ಮೊದಲ ವಾರ ಪಿಕಪ್ ನೋಡಿ ಖುಷಿಯೋ ಖುಷಿ. ಎರಡನೇ ವಾರ ಕುಮಟಾದಿಂದ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ, ತಗಡಿನ ಡಬ್ಬಿಗೆ ಕಲ್ಲು ಹಾಕಿ ಅಲುಗಾಡಿಸಿದ ಹಾಗೆ ಕಿಟಿಕಿಟಿ ಸದ್ದು ಶುರುವಾಯಿತು. ನಾಕಿಂಗ್, ಅಂದರೆ ಒಳಗೆ ಪೆಟ್ರೋಲ್ ತಾನಾಗಿ ಹೊತ್ತಿ ಸಿಡಿಯುವುದು, ಅಂತ ಗೊತ್ತಿತ್ತು, ಆದರೂ ಘಟ್ಟ ಮುಗಿಯಲಿ ಅಂತ ಕಾಲು ತೆಗೆಯಲಿಲ್ಲ. ಮೇಲೆ ಬರುವಷ್ಟರಲ್ಲಿ ಹಿಂದೆಲ್ಲ ನೀಲಿ ಹೊಗೆ.

ಮಾರನೇ ದಿನ ಪ್ಲಗ್ ಬಿಚ್ಚಿದೆ. ಮೂರನೇ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ರವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು. ಬೆಳಕಿಗೆ ಹಿಡಿದರೆ ಬೆಳ್ಳಿ ಪುಡಿ ಉದುರಿಸಿದ ಹಾಗೆ. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಎಂಜಿನ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದರೆ ಮೊದಲ ರಿಂಗಿಗೂ ಎರಡನೇ ರಿಂಗಿಗೂ ನಡುವಿನ ಅಂಚು ಹೆಬ್ಬೆರಳಿನ ಉಗುರಿನಷ್ಟು ಮುರಿದು ಬಿದ್ದಿತ್ತು. ಆ ಪಿಸ್ಟನ್ ಇನ್ನೂ ನನ್ನ ಮೇಜಿನ ಮೇಲಿದೆ. ಟರ್ಬೋ ಕೇಳಿಕೊಂಡು ಬಂದ ಹುಡುಗರಿಗೆ ಮೊದಲು ಅದನ್ನು ಕೈಗೆ ಕೊಡುತ್ತೇನೆ.

ನಿನ್ನ ಟರ್ಬೋ ಅಳತೆಯಲ್ಲಿ ಸರಿ ಇದೆ, ಸಣ್ಣ ಎಂಜಿನ್ನಿಗೆ ಬೇಗ ಬೂಸ್ಟ್ ಕೊಡುತ್ತದೆ. ಆದರೆ ಅದು ಡೀಸೆಲ್‌ಗೆ ಮಾಡಿದ್ದು. ಡೀಸೆಲ್ ಹೊಗೆಗಿಂತ ಪೆಟ್ರೋಲ್ ಹೊಗೆ ಜಾಸ್ತಿ ಬಿಸಿ, ಪೂರ್ತಿ ಒತ್ತಿದಾಗ 900 ಡಿಗ್ರಿ ದಾಟುತ್ತದೆ. ಕಡಿಮೆ ಬೂಸ್ಟ್, ಸ್ವಲ್ಪ ಹೊತ್ತು ಅಂದರೆ ತಡೆದೀತು. ಅರ್ಧ ಗಂಟೆ ಘಟ್ಟ ಹತ್ತುವ ಕೆಲಸಕ್ಕೆ ನಾನು ನಂಬುವುದಿಲ್ಲ. ಇನ್ನೊಂದು, ಶಾಫ್ಟ್ ಅಕ್ಕಪಕ್ಕ ಚೂರು ಅಲ್ಲಾಡಿದರೆ ಪರವಾಗಿಲ್ಲ, ಹಿಂದೆ ಮುಂದೆ ಎಳೆದು ನೋಡು. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಅದು ಮತ್ತೆ ಗುಜರಿಗೇ.

ಆಯಿಲ್ ವಾಪಸ್ ಬರುವ ಪೈಪ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟರ್ಬೋ ಒಳಗೆ ಹೋಗುವ ಆಯಿಲ್‌ಗೆ ಪ್ರೆಶರ್ ಇರುತ್ತದೆ, ಹೊರಗೆ ಬರುವಾಗ ಇರುವುದಿಲ್ಲ. ಬಚ್ಚಲ ನೀರು ಹರಿದ ಹಾಗೆ ತಾನಾಗಿ ಇಳಿಯಬೇಕು. ಪೈಪ್ ದಪ್ಪ ಇರಬೇಕು, ಎಲ್ಲೂ ಮೇಲೆ ಹತ್ತಬಾರದು, ಚೇಂಬರಿನಲ್ಲಿ ಆಯಿಲ್ ನಿಲ್ಲುವ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಸೀಲ್ ದಾಟಿ ಸೈಲೆನ್ಸರಿಗೆ ಹೋಗುತ್ತದೆ, ನೀನು ಟರ್ಬೋ ಹೋಯಿತು ಅಂದುಕೊಳ್ಳುತ್ತೀಯ.

ಈಗ ನನ್ನ ಪ್ರಶ್ನೆ. 60 ಎಚ್‌ಪಿ ಅಂತ ಬರೆದಿದ್ದೀಯಲ್ಲ, ಅದು ಹೊಸತಿದ್ದಾಗ ಇದ್ದ ಲೆಕ್ಕ. ಈಗ ಇದೆಯಾ? ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡುವ ಕಂಪ್ರೆಶನ್ ಟೆಸ್ಟ್ ಮಾಡಿಸಿದ್ದೀಯಾ?

ಹೊನ್ನಾವರದ ಅಕ್ಕ

ಶಿರಸಿ ಅಣ್ಣ ಹೇಳಿದ ಬಿಸಿ ವಿಚಾರಕ್ಕೆ ನಾನು ಲೆಕ್ಕ ಕೊಡುತ್ತೇನೆ. ಪಾಠ ಮಾಡುವವಳು ನಾನು, ಲೆಕ್ಕ ಹಾಕದೆ ಸಮಾಧಾನ ಆಗುವುದಿಲ್ಲ.

0.4 ಬಾರ್ ಬೂಸ್ಟ್ ಅಂದರೆ ಗಾಳಿಯ ಒತ್ತಡ 1.4 ಪಟ್ಟು. ನಮ್ಮ ಕರಾವಳಿಯಲ್ಲಿ ಗಾಳಿ 32 ಡಿಗ್ರಿ ಅಂತ ಇಟ್ಟುಕೊಳ್ಳಿ. ಒತ್ತಿದಾಗ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದವರಿಗೆಲ್ಲ ಗೊತ್ತು. ಟರ್ಬೋ 65 ಪರ್ಸೆಂಟ್ ದಕ್ಷತೆಯಲ್ಲಿ ಕೆಲಸ ಮಾಡಿದರೆ ಗಾಳಿ ಸುಮಾರು 47 ಡಿಗ್ರಿ ಏರುತ್ತದೆ. ಅಂದರೆ ಎಂಜಿನ್ ಒಳಗೆ ಹೋಗುವುದು 80 ಡಿಗ್ರಿ ಹತ್ತಿರದ ಗಾಳಿ. ಇಂಟರ್‌ಕೂಲರ್ ಇಟ್ಟು ಅದನ್ನು 50ಕ್ಕೆ ಇಳಿಸಿದರೆ ನಿಮಗೆ ಸಿಗುವ ಗಾಳಿ ಮೂವತ್ತು ಪರ್ಸೆಂಟ್ ಜಾಸ್ತಿ. 60 ಇದ್ದದ್ದು 75, 78 ಆಗಬಹುದು. 100 ಬೇಕು ಅಂದರೆ 0.8 ಬಾರ್ ದಾಟಬೇಕು, ಹಳೇ ಪಿಸ್ಟನ್ ಇಟ್ಟುಕೊಂಡು ಅದು ಬೇಡವೇ ಬೇಡ.

ಇನ್ನೊಂದು ಮುಖ್ಯ ವಿಷಯ. ಹಳೇ ಇಂಜೆಕ್ಷನ್ ಗಾಡಿಗಳಲ್ಲಿ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 1 ಬಾರ್‌ವರೆಗೆ ಮಾತ್ರ ಓದುತ್ತದೆ. ಅದಕ್ಕಿಂತ ಮೇಲೆ ಎಷ್ಟೇ ಗಾಳಿ ತುಂಬಿದರೂ ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯುಗೆ ಗೊತ್ತೇ ಆಗುವುದಿಲ್ಲ, ಹಳೇ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಬೆಂಕಿ ಬಿಸಿ. ಅಣ್ಣನ ಪಿಸ್ಟನ್ ಮುರಿದದ್ದು ಹಾಗೇ ಇರಬೇಕು. ಹಾಗಾಗಿ ಮೆಗಾಸ್ಕ್ವರ್ಟ್ ಅಥವಾ ಸ್ಪೀಡುಯಿನೋ ತರದ ಬೇರೆ ಇಸಿಯು, ದೊಡ್ಡ ಇಂಜೆಕ್ಟರ್, ಹೊಗೆ ನೋಡಿ ಗಾಳಿ ಪೆಟ್ರೋಲ್ ಪ್ರಮಾಣ ಹೇಳುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕೇ ಬೇಕು. ಬೂಸ್ಟ್‌ನಲ್ಲಿ ಗಾಳಿ ಪೆಟ್ರೋಲ್ ಪ್ರಮಾಣ 12ರ ಆಸುಪಾಸು ಇರಲಿ. ಈಗ ಬರುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ, ನಾಕಿಂಗ್ ತಡೆಯಲು ಅದು ಒಳ್ಳೆಯದೇ, ಆದರೆ ಅದೇ ಕೆಲಸಕ್ಕೆ ಇಂಧನ ಜಾಸ್ತಿ ಬೇಕು ಮತ್ತು ಹಳೇ ರಬ್ಬರ್ ಪೈಪುಗಳನ್ನು ಅದು ಹಾಳು ಮಾಡುತ್ತದೆ. ಪೆಟ್ರೋಲ್ ಪೈಪುಗಳನ್ನು ಮೊದಲೇ ಬದಲಾಯಿಸಿ.

ಮತ್ತೆ ನಿಮ್ಮದು ಫೈಬರ್ ಬಾಡಿ ಅಲ್ವಾ? ಕೆಂಪಗೆ ಕಾಯುವ ಟರ್ಬೋ ಪಕ್ಕದಲ್ಲಿ ಫೈಬರ್ ಇದ್ದರೆ ಅದರ ರಾಳ ಮೊದಲು ಮೆತ್ತಗಾಗುತ್ತದೆ, ಆಮೇಲೆ ಹೊತ್ತಿಕೊಳ್ಳಲೂಬಹುದು. ಹೀಟ್ ಶೀಲ್ಡ್ ಇಲ್ಲದೆ ಸ್ಟಾರ್ಟ್ ಕೂಡ ಮಾಡಬೇಡಿ. ಏರ್ ಫಿಲ್ಟರ್ ಕೆಳಗೆ ಬಂಪರ್ ಹತ್ತಿರ ಇಡಬೇಡಿ, ನಮ್ಮ ಜುಲೈ ಮಳೆಯಲ್ಲಿ ರಸ್ತೆ ಮೇಲಿನ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಕುಮಟಾ ಕಾರುಪ್ರೇಮಿ

ಕಾನೂನಿನ ಮಾತು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡಿ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ನಿಮ್ಮದು ಕೆಎ-30 ಗಾಡಿ ಇರಬೇಕು, ಕಾರವಾರ ಆರ್‌ಟಿಒದಲ್ಲಿ ಮೊದಲೇ ಕೇಳಿ. ಹೇಳದೆ ಹಾಕಿಸಿ ಘಟ್ಟದಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಸಿಗದೇ ಹೋಗಬಹುದು. ಎದುರಿನವರಿಗೆ ಪೆಟ್ಟಾದರೆ ಯೋಚನೆ ಮಾಡಿ.

ಇನ್ನೊಂದು ಹಳೇ ಉದಾಹರಣೆ, ನನಗೆ ಬಹಳ ಇಷ್ಟದ್ದು. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಬಂತು, ಟರ್ಬೋ ಹಾಕಿ ಮಾರಿದ ಮೊದಲ ಕಾರುಗಳಲ್ಲಿ ಒಂದು. ಕಂಪ್ರೆಶನ್ ಅನುಪಾತ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವುದು) 10.25 ಇಟ್ಟುಕೊಂಡೇ ಟರ್ಬೋ ಹಾಕಿದ್ದರು. ನಾಕಿಂಗ್ ಆಗದಿರಲಿ ಅಂತ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿನಿಂದ ಎಂಜಿನ್ನಿಗೆ ಚಿಮುಕಿಸುತ್ತಿತ್ತು. ಓನರ್‌ಗಳು ಆ ಟ್ಯಾಂಕ್ ತುಂಬಿಸಲು ಮರೆಯುತ್ತಿದ್ದರು, ಕೊನೆಗೆ ಎಷ್ಟೋ ಗಾಡಿಗಳಿಂದ ಟರ್ಬೋವನ್ನೇ ತೆಗೆದುಬಿಟ್ಟರು. 1973ರ ಬಿಎಂಡಬ್ಲ್ಯೂ 2002 ಟರ್ಬೋದಲ್ಲಿ ಬೇರೆ ದಾರಿ ಹಿಡಿದರು, ಕಂಪ್ರೆಶನ್ 6.9ಕ್ಕೆ ಇಳಿಸಿದರು. ನಿಮ್ಮ ಎಂಜಿನ್ನಿನ ಕಂಪ್ರೆಶನ್ ಎಷ್ಟಿದೆ ಅಂತ ತಿಳಿಯದೆ ಬೂಸ್ಟ್ ಮಾತೇ ಆಡಬೇಡಿ.

ಕೋಡಿಬಾಗದ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಫೈಬರ್ ವಿಚಾರ ನನಗೆ ಹೊಳೆದೇ ಇರಲಿಲ್ಲ. ಆರ್‌ಟಿಒಗೆ ಸೋಮವಾರ ಹೋಗುತ್ತೇನೆ.

ಶಿರಸಿ ಅಣ್ಣಾ, ನಿಮ್ಮ ಪ್ರಶ್ನೆ ಓದಿ ನಿನ್ನೆ ಕಂಪ್ರೆಶನ್ ಟೆಸ್ಟ್ ಮಾಡಿಸಿದೆ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದೆವು. ಒಂದನೆಯದು 165, ಎರಡು 160, ಮೂರು 118, ನಾಲ್ಕು 162 ಪಿಎಸ್‌ಐ. ಮೂರನೆಯದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ 150 ತೋರಿಸಿತು. ಟರ್ಬೋ ಶಾಫ್ಟ್ ಎಳೆದು ನೋಡಿದೆ, ಟಕ್ ಅಂತ ಸದ್ದು ಬರುತ್ತದೆ.

ಶಿರಸಿ ಗ್ಯಾರೇಜ್

ಆಯಿಲ್ ಬಿಟ್ಟ ಮೇಲೆ ಏರಿತು ಅಂದರೆ ವಾಲ್ವ್ ಅಲ್ಲ, ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಅರಬೈಲಿನಲ್ಲಿ ನೀನು ಹತ್ತಿದ್ದು ಮೂರೇ ಸಿಲಿಂಡರಿನಲ್ಲಿ ಅಂತ ಇಟ್ಟುಕೋ. ಇದರ ಮೇಲೆ ಬೂಸ್ಟ್ ಕೊಟ್ಟಿದ್ದರೆ ಗ್ಯಾಸ್ ಕೆಳಗೆ ನುಗ್ಗಿ ಡಿಪ್‌ಸ್ಟಿಕ್ಕೇ ಹಾರಿಸುತ್ತಿತ್ತು.

ಟರ್ಬೋ ವಾಪಸ್ ಕೊಡು, ಆಟ ಇರುವುದನ್ನು ಇಟ್ಟುಕೊಂಡು ಸುಮ್ನೆ ಆಸೆ ಬೆಳೆಸಬೇಡ. ಎಂಜಿನ್ ಇಳಿಸು. ಬೋರ್ ಅಳತೆ ತೆಗೆಸು, ಮೇಲೆ, ನಡುವೆ, ಕೆಳಗೆ, ಮೂರು ಕಡೆ, ಅಡ್ಡ ಮತ್ತು ಉದ್ದ. ಹೆಡ್ ಮಟ್ಟ ನೋಡಿಸು. ಹೊಸ ರಿಂಗ್ ಹಾಕುವ ಮುಂಚೆ ಬೋರಿನಲ್ಲಿ ಇಟ್ಟು ಅದರ ಎರಡು ತುದಿಗಳ ನಡುವಿನ ಗ್ಯಾಪ್ ಅಳೆದು ಬರೆದುಕೋ, ಮುಂದೆ ಆರ್‌ಟಿಒ ಒಪ್ಪಿ ಟರ್ಬೋ ಹಾಕುವ ದಿನ ಬಂದರೆ ಆ ನಂಬರ್ ಬೇಕಾಗುತ್ತದೆ. ಬೂಸ್ಟ್ ಇರುವ ಎಂಜಿನ್ನಿಗೆ ಗ್ಯಾಪ್ ಸ್ವಲ್ಪ ಜಾಸ್ತಿ ಇಡಬೇಕು, ಇಲ್ಲದಿದ್ದರೆ ಬಿಸಿಗೆ ರಿಂಗ್ ತುದಿಗಳು ಒಂದಕ್ಕೊಂದು ತಾಗಿ ಪಿಸ್ಟನ್ ಅಂಚನ್ನೇ ಕಿತ್ತು ಹಾಕುತ್ತವೆ.

ಬಿಚ್ಚಿದ ಮೇಲೆ ಮೂರನೇ ಪಿಸ್ಟನ್ನಿನ ಫೋಟೋ ಹಾಕು.

ಕೋಡಿಬಾಗದ ಹುಡುಗ

ಆಯಿತು ಅಣ್ಣಾ. ಮುಂದಿನ ಭಾನುವಾರ ಎಂಜಿನ್ ಇಳಿಸುತ್ತೇವೆ. ಬ್ಲಾಕ್ ಮತ್ತು ಹೆಡ್ ಶಿರಸಿಗೇ ತರಲಾ? ಆ ಮುರಿದ ಪಿಸ್ಟನ್ ಕೂಡ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.