ಸರ್ ಪಾಸ್ ಟ್ರೆಕ್ಕಿಗೆ ನಮ್ಮನೆ ಗ್ರೂಪಲ್ಲಿ ರಂಪ

ಮಂಡ್ಯ ದೊಡ್ಡಪ್ಪ: (ಫಾರ್ವರ್ಡ್) ಹಿಮಾಲಯಕ್ಕೆ ಹೋಗುವವರ ಗಮನಕ್ಕೆ!! ಪರ್ವತದಲ್ಲಿ ಕೂಗಿದರೆ, ಶಿಳ್ಳೆ ಹೊಡೆದರೆ ಹಿಮ ಕುಸಿಯುತ್ತದೆ. ಮೌನವಾಗಿ ನಡೆಯಿರಿ. ಎಲ್ಲರಿಗೂ ಕಳಿಸಿ 🙏🙏

ಮಂಡ್ಯ ದೊಡ್ಡಪ್ಪ: ಪುಟ್ಟಿ ಓದವ್ವ ಇದ್ನ. ಅದೇನೋ ಸರ್ ಪಾಸು ಅಂತ ಹೊಂಟಿದ್ದೀಯಲ್ಲ

ಪುಟ್ಟಿ: ಓದ್ದೆ ದೊಡ್ಡಪ್ಪ 😄 ಸರ್ ಪಾಸ್ ಅಂದ್ರೆ ಹಿಮಾಚಲದಲ್ಲಿ ಬೆಟ್ಟ ದಾಟೋ ಹಿಮದ ಕಣಿವೆ ದಾರಿ, ನಾವು ಹೋಗೋದು ಮೇ ಮೊದಲ್ನೇ ವಾರ, ಅಷ್ಟೊತ್ತಿಗೆ ಅಲ್ಲೂ ಬೇಸಿಗೆ, ಭಯ ಏನಿಲ್ಲ

ಬೆಂಗಳೂರು ಅಣ್ಣ: ಇಬ್ರು ಹೇಳ್ತಿರೋದೂ ತಪ್ಪು. ಕೂಗಿದ್ರೆಲ್ಲ ಹಿಮ ಕುಸಿಯಲ್ಲ ದೊಡ್ಡಪ್ಪ, ಅದು ಸಿನಿಮಾದಲ್ಲಿ. ಇಳಿಜಾರು 30ರಿಂದ 45 ಡಿಗ್ರಿ ಇದ್ದು ಹಿಮ ಸಡಿಲ ಆಗಿದ್ರೆ ಒಬ್ಬ ಮನುಷ್ಯನ ಭಾರಾನೇ ಸಾಕು, ಬಾಯಿಗೆ ಬೀಗ ಹಾಕ್ಕೊಂಡು ನಡೆದ್ರೂ ಜಾರತ್ತೆ. ಪುಟ್ಟಿ ನಿಂಗೆ, ಬೇಸಿಗೆ ಅಂತಾನೇ ಹುಷಾರಾಗಿರಬೇಕು, ಹಗಲು ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ಒಳಕ್ಕಿಳಿಯತ್ತೆ ಪದರಗಳ ಹಿಡಿತ ಬಿಟ್ಟೋಗತ್ತೆ, ರಾತ್ರಿ ಚಳಿಗೆ ಮತ್ತೆ ಗಟ್ಟಿ, ಬೆಳಿಗ್ಗೆ ಅದರ ಮೇಲೆ ನಡೆದು ದಾಟಿಬಿಟ್ರೆ ಸರಿ, ಮಧ್ಯಾಹ್ನ ಸಿಕ್ಕಾಕೊಂಡ್ರೆ ಕಷ್ಟ

ಮಂಡ್ಯ ದೊಡ್ಡಪ್ಪ: ಆಲೆಮನೇಲಿ ಬೆಲ್ಲ ಆರೋಕ್ಕೆ ಮುಂಚೆ ಅಚ್ಚು ಬುಚ್ಚಿದಂಗೆ ಅನ್ನು

ಬೆಂಗಳೂರು ಅಣ್ಣ: ಹ್ಞಾ ಹಂಗೇ ಅನ್ಕೊಳಿ

ಸರಸ್ವತೀಪುರಂ ಅತ್ತೆ: ಅದೆಲ್ಲ ಬೇಡ ಕಣೇ ಪುಟ್ಟಿ. ಟ್ರೆಕ್ಕು ಗಿಕ್ಕು ಬಿಡು, ಆರಾಮಾಗಿ ಸಿಕ್ಕಿಂ ಟೂರ್ ಮಾಡು, ಕಾರಲ್ಲೇ ಹೋಗಿ ಹಿಮ ನೋಡ್ಕೊಂಡ್ ಬರಬಹುದು

ಪುಟ್ಟಿ: ಅತ್ತೇ 😭 2023 ಏಪ್ರಿಲ್ 4ಕ್ಕೆ ಸಿಕ್ಕಿಂನಲ್ಲೇ ನಾಥು ಲಾ ರಸ್ತೇಲಿ ಹಿಮ ಕುಸಿದು 7 ಜನ ಹೋದ್ರಲ್ಲ ಅವ್ರೆಲ್ಲ ಟೂರಿಸ್ಟ್‌ಗಳೇ

ಬೆಂಗಳೂರು ಅಣ್ಣ: ಅದೂ ಮಧ್ಯಾಹ್ನದ ಹೊತ್ತೇ. ಪರ್ಮಿಟ್ ಕೊಟ್ಟಿದ್ದು 13ನೇ ಮೈಲಿ ತನಕ, ಇವ್ರು 15ನೇ ಮೈಲಿಗೆ ಹೋಗಿದ್ರಂತೆ

ಮಂಡ್ಯ ದೊಡ್ಡಪ್ಪ: ಉತ್ತರಾಖಂಡದ ಸಹಸ್ರತಾಲ್ ಟ್ರೆಕ್‌ದು ಮರೆತ್ರಾ? 2024 ಜೂನಲ್ಲಿ ನಮ್ಮ ಕಡೆಯಿಂದ ಹೋದ ತಂಡದಲ್ಲಿ 9 ಜನ ಬರಲೇ ಇಲ್ಲ. ಹಿಮ ಕುಸಿದೇ ತಾನೆ

ಬೆಂಗಳೂರು ಅಣ್ಣ: ಅಲ್ಲ, ಅದು ಹಿಮಕುಸಿತ ಅಲ್ಲ, ಹಿಮಗಾಳಿ ಎದ್ದು ದಾರಿ ಕಾಣದೆ ಚಳೀಲಿ ಸಿಕ್ಕಾಕೊಂಡಿದ್ದು. ಎರಡನ್ನೂ ಒಂದೇ ಮಾಡಬೇಡಿ, ಒಂದಕ್ಕೆ ಬೇಕಿರೋ ಎಚ್ಚರಿಕೆ ಬೇರೆ ಇನ್ನೊಂದಕ್ಕೆ ಬೇರೆ

ಕುವೆಂಪುನಗರ ಮಾವ: ಒಳ್ಳೆ ಗೈಡ್ ಇದ್ರೆ ಆಯ್ತಪ್ಪ, ಯಾಕಿಷ್ಟು ತಲೆಬಿಸಿ

ಬೆಂಗಳೂರು ಅಣ್ಣ: ಮಾವ, 2022 ಅಕ್ಟೋಬರಲ್ಲಿ ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಪರ್ವತದಲ್ಲಿ ಪರ್ವತಾರೋಹಣ ಕಲಿಯೋಕೆ ಹೋದೋರು, ಜೊತೆಗೆ ಇನ್ಸ್ಟ್ರಕ್ಟರ್‌ಗಳು, ಹಿಮ ಕುಸಿದು ಹೂತೋದ 27 ಜನರ ದೇಹ ಸಿಕ್ತು. ಗೈಡ್ ಬೇಕೇ ಬೇಕು, ಆದ್ರೆ ಅವನು ಎಷ್ಟೊತ್ತಿಗೆ ಹೊರಡಿಸ್ತಾನೆ ಅನ್ನೋದು ಮುಖ್ಯ. ಹೂತೋದ್ರೆ ಮೊದಲ ಹದಿನೈದು ನಿಮಿಷದಲ್ಲಿ ತೆಗೆದ್ರೆ ಮಾತ್ರ ಚೆನ್ನಾಗಿ ಚಾನ್ಸು, ಅರ್ಧ ಗಂಟೆ ದಾಟಿದ್ರೆ ತುಂಬಾ ಕಮ್ಮಿ, ಅಷ್ಟರಲ್ಲಿ ಕೆಳಗಿಂದ ರೆಸ್ಕ್ಯೂ ಬರೋದುಂಟಾ, ಪಕ್ಕದಲ್ಲಿ ಇರೋರೇ ಅಗೀಬೇಕು

ಸರಸ್ವತೀಪುರಂ ಅತ್ತೆ: ಅಯ್ಯೋ ಹೆದರಿಸ್ಬೇಡವೋ ಬಿಪಿ ಮಾತ್ರೆ ಈಗ ತಾನೆ ತಗೊಂಡಿದೀನಿ

ಪುಟ್ಟಿ: ಸರಿ ಅಣ್ಣ ಏನು ನೋಡ್ಲಿ ಹೇಳು

ಬೆಂಗಳೂರು ಅಣ್ಣ: ಡಿಆರ್‌ಡಿಓದ ಡಿಜಿಆರ್‌ಇ ಅನ್ನೋ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಕುಸಿತದ ಬುಲೆಟಿನ್ ಕೊಡತ್ತೆ, ಹೋಗೋ ಮುಂಚೆ ನೋಡ್ಕೊ. ಅಲ್ಲಿ ಹೋದ್ಮೇಲೆ, ರಾತ್ರಿ ಪೂರ್ತಿ ಮೋಡ ಇತ್ತು ಅಂದ್ರೆ ಹಿಮ ಗಟ್ಟಿ ಆಗಿರಲ್ಲ, ಮುಂಜಾನೆ ಹೊರಟ್ರೂ ಪ್ರಯೋಜನ ಇಲ್ಲ, ಹೋಗಬೇಡ. ಬೂಟು ಕಾಲಿನ ಗಿಣ್ಣು ದಾಟಿ ಹಿಮದೊಳಗೆ ಹೋಗ್ತಾ ಇದ್ರೆ, ಮೇಲಿಂದ ಸಣ್ಣ ಸಣ್ಣ ಉಂಡೆ ಹಿಮ ತಾನಾಗೇ ಉರುಳ್ಕೊಂಡ್ ಬರ್ತಿದ್ರೆ, ಆ ಇಳಿಜಾರು ಬಿಟ್ಟು ವಾಪಸ್. ಮೇಲಿಂದ ಕೂತ್ಕೊಂಡು ಜಾರೋದಿದ್ಯಲ್ಲ ಎಲ್ರೂ ರೀಲ್ ಹಾಕ್ತಾರಲ್ಲ, ಅದಕ್ಕೂ ಒಬ್ಬೊಬ್ರೇ, ಕೆಳಗೆ ಗುಂಪು ಕಟ್ಟಿ ನಿಲ್ಲಬಾರ್ದು. ಈಗ್ಲೇ ಟ್ರೆಕ್ ಕರ್ಕೊಂಡ್ ಹೋಗೋರಿಗೆ ಮೆಸೇಜ್ ಮಾಡಿ ಕೇಳು ಪಾಸ್ ದಾಟೋ ದಿನ ಎಷ್ಟೊತ್ತಿಗೆ ಕ್ಯಾಂಪ್ ಬಿಡ್ತೀರ ಅಂತ

ಮಂಡ್ಯ ದೊಡ್ಡಪ್ಪ: ಫಾರ್ವರ್ಡು ಡಿಲೀಟ್ ಮಾಡ್ಲೇನ್ಲಾ

ಬೆಂಗಳೂರು ಅಣ್ಣ: ಮಾಡಿ, ಬೇರೆ ಗ್ರೂಪಿಗೆಲ್ಲ ಕಳಿಸಿದ್ರೆ ಅಲ್ಲೂ

ಮಂಡ್ಯ ದೊಡ್ಡಪ್ಪ: ರೈತಸಂಘದ ಗ್ರೂಪಿಗೂ ಹಾಕ್ಬುಟ್ಟಿದ್ದೆ 🤦

ಪುಟ್ಟಿ: ರಿಪ್ಲೈ ಬಂತು. "ಬ್ರೇಕ್‌ಫಾಸ್ಟ್ ಮುಗಿಸಿ 9 ಗಂಟೆಗೆ ಹೊರಡ್ತೀವಿ ಮ್ಯಾಮ್, ಡೋಂಟ್ ವರಿ"

ಬೆಂಗಳೂರು ಅಣ್ಣ: ಒಂಬತ್ತಾ?? ಕತ್ತಲಿರೋವಾಗ್ಲೇ ಎದ್ದು ಹೊರಡಬೇಕು. ಇವ್ರ ಜೊತೆ ಬೇಡ, ಬೇರೆಯವ್ರನ್ನ ನೋಡು

ಪುಟ್ಟಿ: ಅಡ್ವಾನ್ಸ್ ಕಟ್ಟಾಗಿದೆ

ಸರಸ್ವತೀಪುರಂ ಅತ್ತೆ: ಎಷ್ಟೇ?

ಪುಟ್ಟಿ: ಅತ್ತೆ ಅದು ಆಮೇಲೆ ಪರ್ಸನಲ್ಲಾಗಿ ಹೇಳ್ತೀನಿ